ಮೂರನೇ ತಿರುವಿನ ಗುಂಡಿ

ಏಳನೆಯ ಕಂತು

"ಕಾಫಿ ಅಲ್ಲೇ ಇದೆ. ನೀನೇ ಬಗ್ಗಿಸ್ಕೊ," ಎಂದ ಪ್ರೆಬೆನ್ ಲೌಗೆಸೆನ್, ಕುರ್ಚಿಯಿಂದ ಮೇಲೇಳದೆ. "ನಿಮ್ಮಪ್ಪ ಈ ಕ್ಲಬ್ಬಿನೋರಿಗೆ ಬೇಕಾದಷ್ಟು ಕಾಫಿ ಬಗ್ಗಿಸಿಕೊಟ್ಟಿದಾನೆ. ನಿಂಗೂ ಕೈ ಪಳಗಿರತ್ತೆ."

ಬೋದಿಲ್ ಥೆಸ್ತ್ರುಪ್ ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಜಗಳಕ್ಕೆ ಬಂದವನ ಕೈಯನ್ನೂ ಮೊದಲು ಕುಲುಕಿ, ಜಗಳವನ್ನು ಆಮೇಲೆ ಶುರು ಮಾಡುವ ಊರು ಸ್ಕಾಲ್‌ಬೆಕ್. ಅಲ್ಲಿ ಚಾಚಿದ ಕೈಯನ್ನು ಕುಲುಕದೆ ಬಿಡುವುದೆಂದರೆ ಮುಖಕ್ಕೆ ಉಗಿದಂತೆಯೇ ಲೆಕ್ಕ. ಅವಳು ಅಪರಾಧ ವಿಭಾಗದ ಇನ್ಸ್‌ಪೆಕ್ಟರ್. ಆದರೆ ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ಓಡಿಸುವ ಈ ಸ್ಪೀಡ್‌ವೇ ಕ್ಲಬ್ಬಿನ ಅಧ್ಯಕ್ಷನ ಪಾಲಿಗೆ ಅವಳು ಇನ್ನೂ ಗೇಟಿನ ಬಳಿ ಸಾಸೇಜ್ ಮಾರುತ್ತಿದ್ದ ಆಕ್ಸೆಲನ ಮಗಳು.

ಇರಲಿ. ಕೊಬ್ಬಿದವರ ಎದುರು ಕೂತು ಅವಳಿಗೂ ಅಭ್ಯಾಸವಿತ್ತು.

"ಕಾಫಿ ಬೇಡ ಅಧ್ಯಕ್ಷರೇ. ಸೋಮವಾರದ ವಿಷಯಕ್ಕೆ ಬಂದೆ."

"ಮತ್ತೆ ಅದೇ ರಾಗಾನಾ? ಶನಿವಾರ ಕ್ಲಬ್ಬಿಗೆ ಐವತ್ತು ವರ್ಷದ ಹಬ್ಬ. ಭಾಷಣ ಇನ್ನೂ ಅರ್ಧ ಆಗಿಲ್ಲ. ನೀನು ನೋಡಿದ್ರೆ ಒಬ್ಬ ಕುಡುಕನ್ನ ಹಿಡ್ಕೊಂಡು ಜಗ್ತಾ ಇದೀಯ."

ಆ ಕುಡುಕ ಓರ್ಲಾ ಬಿಸ್ಗೋರ್. ಸೋಮವಾರ ಬೆಳಿಗ್ಗೆ ಮೂರನೇ ತಿರುವಿನಲ್ಲಿ, ಈ ಆಟದ ಎಲ್ಲ ಬೈಕುಗಳಂತೆ ಬ್ರೇಕೇ ಇಲ್ಲದ ರೇಸ್ ಬೈಕಿನ ಪಕ್ಕ, ಕತ್ತು ಮುರಿದು ಸತ್ತು ಬಿದ್ದಿದ್ದ. ಕುಡಿದು ಹತ್ತಿದ, ಬಿದ್ದ, ಸತ್ತ ಎಂದು ಕ್ಲಬ್ಬು ಅಂದೇ ಷರಾ ಬರೆದುಬಿಟ್ಟಿತು. ಅಪ್ಪ ಕುಡಿತ ಬಿಟ್ಟು ಎಷ್ಟೋ ವರ್ಷವಾಗಿತ್ತು ಎಂದು ಮಗಳು ಥಿರಾ ಬಾಯಿ ಬಡಿದುಕೊಂಡರೂ ಕೇಳುವವರಿರಲಿಲ್ಲ.

ಕೇಳದವರಲ್ಲಿ ಬೋದಿಲಳ ಮೇಲಧಿಕಾರಿಯೂ ಒಬ್ಬ. "ಎಪ್ಪತ್ತರ ಮುದುಕ ಬ್ರೇಕಿಲ್ಲದ ಗಾಡಿ ಹತ್ತಿದಾನೆ. ಇದರಲ್ಲಿ ಕೊಯ್ದು ನೋಡೋದೇನಿದೆ?" ಎಂದು ಮರಣೋತ್ತರ ಪರೀಕ್ಷೆಯನ್ನು ತಳ್ಳಿಹಾಕಿದ್ದ. ಸಂಜೆಯೊಳಗೆ ಏನಾದರೂ ಸಾಕ್ಷಿ ತಂದರೆ ಸರಿ, ಇಲ್ಲವಾದರೆ ನಾಳೆ ಬೆಳಿಗ್ಗೆ ದಹನ. ಆಮೇಲೆ ಪರೀಕ್ಷಿಸಲು ಹಿಡಿ ಬೂದಿ ಬಿಟ್ಟು ಏನೂ ಉಳಿಯುವುದಿಲ್ಲ. ಓರ್ಲಾ ಈ ಊರಿನ ಬಾಯಲ್ಲಿ ಶಾಶ್ವತವಾಗಿ ಕುಡುಕನಾಗಿ ಉಳಿಯುತ್ತಾನೆ.

ಬೋದಿಲ್ ಚೀಲದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಸೋಮವಾರ ಮೊದಲು ಬಂದ ಗಸ್ತಿನವರು ತೆಗೆದದ್ದು.

"ಇದರಲ್ಲಿ ಏನು ಕಾಣ್ತಿದೆ?"

"ಓರ್ಲಾ."

"ಓರ್ಲಾನ ಸುತ್ತ?"

"ಮಣ್ಣು. ಇನ್ನೇನು, ಹುಲ್ಲುಹಾಸು ಹಾಸಿರ್ತೀವಾ?"

"ಈಗ ಆ ಗೋಡೆ ನೋಡಿ."

ಕ್ಲಬ್ಬಿನ ಗೋಡೆಯ ಮೇಲೆ ಐವತ್ತು ವರ್ಷದ ಬಡಾಯಿ ಚೌಕಟ್ಟು ಹಾಕಿಸಿಕೊಂಡು ಕೂತಿತ್ತು. ಜಲ್ಲಿ ತೆಗೆದು ಬಿಟ್ಟ ಹಳ್ಳದಲ್ಲಿ ಐದು ಹುಡುಗರು ಯಾರೋ ಓಡಿಸಿ ಎಸೆದ ಬೈಕುಗಳನ್ನು ತಂದು ಗುರ್ರೆನಿಸಿದಲ್ಲಿಂದ ಮೊದಲಾಗಿ, ಲೀಗ್ ಗೆದ್ದದ್ದು, ಚಿನ್ನದ ಹೆಲ್ಮೆಟ್ ಪ್ರಶಸ್ತಿ ಗೆದ್ದದ್ದು, ಯಾವನೋ ಮಂತ್ರಿ ಬಂದು ರಿಬ್ಬನ್ ಕತ್ತರಿಸಿದ್ದು. ಮೂರರಲ್ಲೊಂದು ಚಿತ್ರದಲ್ಲಿ ಪ್ರೆಬೆನ್ ಹಲ್ಲು ಕಿರಿದಿದ್ದ. ಉಳಿದವುಗಳಲ್ಲಿ ಯಾರಾದರೂ ಬಿದ್ದಿದ್ದರು. ಸ್ಪೀಡ್‌ವೇ ಎಂದರೆ ಅಷ್ಟೇ ತಾನೇ? ನಾಲ್ಕು ಜನ ಎಡಕ್ಕೆ ಸುತ್ತುವುದು, ಎಡಗಾಲಿನ ಉಕ್ಕಿನ ಅಟ್ಟೆಯನ್ನು ನೆಲಕ್ಕೆ ಉಜ್ಜುವುದು, ಒಬ್ಬ ಬೀಳುವುದು, ಮೂವರು ಗೆದ್ದೆವೆಂದು ಕುಣಿಯುವುದು.

"ಬಿದ್ದವರ ಚಿತ್ರ ಎಲ್ಲಾ ನೋಡಿ," ಎಂದಳು ಬೋದಿಲ್. "ಪ್ರತಿಯೊಂದರಲ್ಲೂ ನೆಲ ಕಿತ್ತುಹೋಗಿದೆ. ಹಂದಿ ಕೆದರಿದ ಹಾಗೆ. ಹಿಂದಿನ ಗಾಲಿ ಗುಂಡಿ ತೋಡದೆ ಈ ಬೈಕು ಬೀಳೋಕೆ ಸಾಧ್ಯವೇ ಇಲ್ಲ. ಓರ್ಲಾನ ಸುತ್ತ ಗುಂಡಿ ಎಲ್ಲಿ? ನೆಲ ರೊಟ್ಟಿ ತಟ್ಟಿದ ಹಾಗಿದೆ."

ಪ್ರೆಬೆನ್ ಫೋಟೋವನ್ನು ಕಣ್ಣಿನ ಹತ್ತಿರ ತಂದುಕೊಂಡ. ಅವನು ಅಷ್ಟು ಗಮನಕೊಟ್ಟು ನೋಡಿದ್ದೇ ಬೋದಿಲಳಿಗೆ ಹಬ್ಬದೂಟ ಉಂಡಷ್ಟು ಖುಷಿ ಕೊಟ್ಟಿತು.

"ಟ್ರ್ಯಾಕ್ ನೋಡ್ಕೊಳ್ಳೋ ಎವಾಲ್ಡ್ ಮುಂಚೆನೇ ಟ್ರಾಕ್ಟರಿನಲ್ಲಿ ಸಮ ಮಾಡಿರ್ತಾನೆ."

"ಮುಂಚೆ ಮಾಡಿದ್ರೆ ಬಿದ್ದ ಗುಂಡಿ ಕಾಣಬೇಕಿತ್ತಲ್ಲ ಅಧ್ಯಕ್ಷರೇ? ಇದು ಬಿದ್ದ ಮೇಲೆ ಮಾಡಿದ್ದು. ಅದೂ ಟ್ರಾಕ್ಟರಿನಲ್ಲಲ್ಲ. ಇಲ್ಲಿ ನೋಡಿ, ಅಡ್ಡಡ್ಡ ಗೆರೆ. ಹಲ್ಲಿನ ಕೈಕುಂಟೆಯಿಂದ ಎಳೆದು, ಆಮೇಲೆ ಕುಂಟೆಯ ಬೆನ್ನಿನಿಂದ ಒತ್ತಿದ್ದಾರೆ. ಓರ್ಲಾ ಸತ್ತು ಬಿದ್ದಿರೋವಾಗ ಪಕ್ಕದಲ್ಲಿ ನಿಂತು ಒಬ್ಬರು ನೆಲ ಕೆರೆದಿದಾರೆ. ಯಾಕೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು."

ಗೊತ್ತಿತ್ತು. ಸ್ಕಾಲ್‌ಬೆಕ್‌ನಲ್ಲಿ ಅದು ಗೊತ್ತಿಲ್ಲದವರಿರಲಿಲ್ಲ. ಜಲ್ಲಿಹಳ್ಳದ ಕಾಲದಲ್ಲಿ ಆ ಐವರಿಗೆ ಆಳುಕಾಳು ಇರಲಿಲ್ಲ. ಹಾಗಾಗಿ ಒಂದು ಕಟ್ಟಳೆ ಮಾಡಿಕೊಂಡಿದ್ದರು: ಬಿದ್ದವನೇ ಎದ್ದು ತನ್ನ ಗುಂಡಿ ಮುಚ್ಚಬೇಕು. ಅವನು ಏಳಲಾರದೆ ಆಂಬುಲೆನ್ಸ್ ಹತ್ತಿದರೆ, ಅವನನ್ನು ಬೀಳಿಸಿದವನು ಮುಚ್ಚಬೇಕು. ಆಮೇಲೆ ಟ್ರಾಕ್ಟರು ಬಂತು, ಸಂಬಳದ ಆಳುಗಳು ಬಂದರು, ಆದರೂ ಹಳಬರು ಕಟ್ಟಳೆ ಬಿಡಲಿಲ್ಲ. ತೀರ್ಪುಗಾರ ಏನೇ ಹೇಳಲಿ, ಊರಿನ ಕಣ್ಣು ಕುಂಟೆ ಹಿಡಿದವನ ಮೇಲೆ. ಕುಂಟೆ ಹಿಡಿದನೆಂದರೆ ತಪ್ಪೊಪ್ಪಿಕೊಂಡ ಹಾಗೆ.

ಗೋಡೆಯ ನಟ್ಟನಡುವಿನ ಚಿತ್ರ ಅದಕ್ಕೆ ಸಾಕ್ಷಿ. 1981ರ ಫೈನಲ್. ಓಟದಲ್ಲಿದ್ದವರು ನಾಲ್ವರು: ಪ್ರೆಬೆನ್, ಓರ್ಲಾ, ಎವಾಲ್ಡ್, ಮತ್ತೆ ಬೇರೆ ಕ್ಲಬ್ಬಿನ ಹುಡುಗನೊಬ್ಬ. ಹುಡುಗ ಮೂರನೇ ತಿರುವಿನಲ್ಲಿ ಬಿದ್ದ, ಏಳಲೇ ಇಲ್ಲ. ಚಿತ್ರದ ಮುಂಭಾಗದಲ್ಲಿ ಪ್ರೆಬೆನ್ ಗೆದ್ದ ಕಪ್ ಎತ್ತಿ ಹಿಡಿದಿದ್ದಾನೆ. ಹಿಂದೆ, ಮಸುಕಾಗಿ, ಓರ್ಲಾ ಕುಂಟೆ ಎಳೆಯುತ್ತಿದ್ದಾನೆ. ಅಂದಿನಿಂದ ಬೇಕರಿಯವಳು ಕೂಡ ಓರ್ಲಾನ ಮುಖ ನೋಡಿ ಬ್ರೆಡ್ ಕೊಟ್ಟಿರಲಿಲ್ಲ. ಹುಡುಗನನ್ನು ಕೊಂದವನೆಂದು ಹೆಸರಾಯಿತು. ಅದನ್ನು ಮರೆಯಲು ಅವನು ಕುಡಿದ, ಕುಡಿತವನ್ನೂ ಬಿಟ್ಟ, ಆ ಹೆಸರು ಮಾತ್ರ ಅವನನ್ನು ಬಿಡಲಿಲ್ಲ.

"ಐದು ಜನ ಇದ್ರಿ," ಎಂದಳು ಬೋದಿಲ್. "ಇಬ್ಬರು ಚರ್ಚಿನ ಹಿತ್ತಲಲ್ಲಿ ಮಲಗಿದಾರೆ. ಮೂರನೆಯವನು ನಾಳೆ ಸುಟ್ಟುಹೋಗ್ತಾನೆ. ಈ ಕಟ್ಟಳೆಗೆ ಇನ್ನೂ ತಲೆಬಾಗೋ ಹಳಬರು ಅಂದ್ರೆ ನೀವು, ಎವಾಲ್ಡ್. ಇಬ್ಬರೇ."

ಪ್ರೆಬೆನ್ ನಕ್ಕ. ಹೊಟ್ಟೆ ಕುಲುಕುವ ನಗು.

"ಅಯ್ಯೋ ಹುಚ್ಚಿ! ನಾನು ಜನ್ಮದಲ್ಲಿ ಕುಂಟೆ ಮುಟ್ಟಿಲ್ಲ ಕಣೇ. ನಾನು ಬೀಳಿಸಿದೋರೆಲ್ಲ ಅಳ್ತಾ ತಾವೇ ಎದ್ದು ಮುಚ್ಕೊಂಡು ಹೋಗಿದಾರೆ. ಕುಂಟೆ ಹಿಡಿಯೋದು ಸೋತೋರ ಕೆಲಸ. ಹೋಗು, ಎವಾಲ್ಡನ್ನ ಕೇಳು. ಅವನಿಗೆ ಮಣ್ಣು ಬಿಟ್ರೆ ಬೇರೇನು ಗೊತ್ತಿದೆ?"

"ಓರ್ಲಾ ಶನಿವಾರ ಆ ಫೈನಲ್ ಬಗ್ಗೆ ಮಾತಾಡ್ತೀನಿ ಅಂದಿದ್ದನಂತೆ. ಹಬ್ಬದಲ್ಲಿ, ಎಲ್ಲರ ಮುಂದೆ."

ನಗು ನಿಂತಿತು.

"ಅವನು ಮಾತಾಡಿದ್ರೆ ಕೇಳೋರು ಯಾರು? ಜನ ಹುರಿದ ಹಂದಿಮಾಂಸ ತಿನ್ನೋಕೆ ಬರ್ತಾರೆ, ಕುಡುಕನ ಪುರಾಣ ಕೇಳೋಕಲ್ಲ. ಆಯ್ತಾ? ನಿನ್ನ ಫೋಟೋ ಎತ್ಕೋ."

ಅಧಿಕಾರದ ಕುರ್ಚಿಯಲ್ಲಿ ಇಂಥವರನ್ನೇ ಕೂರಿಸುತ್ತದೆ ನೋಡು ಜಗತ್ತು, ಎಂದು ಬೋದಿಲಳ ಮೈ ಉರಿಯಿತು. ಇವನೇ. ಇವನಲ್ಲದೆ ಇನ್ನಾರು? ಐವತ್ತು ವರ್ಷದಿಂದ ಮಾಡಿದ್ದನ್ನೇ ಸೋಮವಾರವೂ ಮಾಡಿದ್ದಾನೆ, ಎದುರಿಗಿದ್ದವನನ್ನು ತಳ್ಳಿ ಮುಂದೆ ಹೋಗಿದ್ದಾನೆ. ಕುಂಟೆ ಮುಟ್ಟಿಲ್ಲವಂತೆ! ನೋಡೇ ಬಿಡೋಣ.

"ಹಾಗಾದ್ರೆ ಟ್ರ್ಯಾಕಿಗೆ ಬನ್ನಿ," ಎಂದಳು. "ಒಂದು ಗಳಿಗೆ. ಆಮೇಲೆ ನಿಮ್ಮ ಭಾಷಣ ನಿಮಗೆ."

ಟ್ರ್ಯಾಕಿನ ಬಾಗಿಲಿಗೆ ಸರಪಳಿ ಹಾಕಿತ್ತು. ಆಚೆ ಬದಿಯಲ್ಲೇ ಎವಾಲ್ಡ್ ಸ್ಕೋವ್ ಟ್ರಾಕ್ಟರ್ ನಿಲ್ಲಿಸಿಕೊಂಡು ಕೂತಿದ್ದ. ಒಂದು ಕಾಲದಲ್ಲಿ ಇವರ ಜೊತೆಯೇ ಓಡಿದವನು, ಈಗ ಟ್ರ್ಯಾಕ್ ನೋಡಿಕೊಳ್ಳುವವನು. ಓರ್ಲಾನ ಹೆಣ ಮೊದಲು ಕಂಡದ್ದೂ ಅವನೇ.

"ಎವಾಲ್ಡ್, ಸರಪಳಿ ತೆಗಿ," ಎಂದಳು ಬೋದಿಲ್.

"ನಿಂಗೇನು ಕೈಯಿಲ್ವಾ? ನೀನೇ ಎತ್ಕೊಂಡು ಬಾ," ಎಂದ ಎವಾಲ್ಡ್, ಮೇಲೆ ಕೂತಲ್ಲಿಂದಲೇ ಎಡಗೈಯಲ್ಲಿ ಟೋಪಿ ಸರಿಮಾಡಿಕೊಳ್ಳುತ್ತ. ಈ ಕ್ಲಬ್ಬಿನಲ್ಲಿ ಮಣ್ಣು ಹೊರುವವನಿಗೂ ತಲೆಯ ಮೇಲೆ ಕೊಂಬು. ಅವಳು ಸರಪಳಿ ಎತ್ತಿದಳು. ತುಕ್ಕು ಹಿಡಿದ ಸರಪಳಿ, ಎರಡೂ ಕೈ ಬೇಕಾಯಿತು.

"ಸೋಮವಾರ ಇಲ್ಲಿ ಕುಂಟೆ ಎಳೆದೋರು ಯಾರು?"

"ನಾನಲ್ಲ. ನಾನು ಬಂದಾಗ ಹೀಗೇ ಇತ್ತು. ನಾನೇನು ಪೊಲೀಸಾ, ಮಣ್ಣು ನೋಡ್ತಾ ನಿಲ್ಲೋಕೆ? ಮನುಷ್ಯ ಸತ್ತು ಬಿದ್ದಿದಾನೆ ಅಂತ ಫೋನ್ ಮಾಡಿದೆ."

"ಕೇಳಿದ್ಯಾ?" ಎಂದ ಪ್ರೆಬೆನ್. "ಮುಗೀತಾ ನಿನ್ನ ಪತ್ತೇದಾರಿಕೆ?"

ಬೋದಿಲ್ ಮೂರನೇ ತಿರುವಿಗೆ ನಡೆದಳು. ಓರ್ಲಾ ಬಿದ್ದಿದ್ದ ಜಾಗದಲ್ಲಿ ನಿಂತು ಬೂಟಿನ ಹಿಮ್ಮಡಿಯಿಂದ ನೆಲವನ್ನು ಒದ್ದಳು. ಇನ್ನೊಮ್ಮೆ ಒದ್ದಳು. ಜಲ್ಲಿಪುಡಿ ಕಿತ್ತು ಬಂತು. ಅಡ್ಡಲಾಗಿ ಒಂದು ಹಸಿ ಗುಂಡಿ ತೋಡಿ, ಬೇಲಿಗೆ ಒರಗಿಸಿದ್ದ ಕುಂಟೆಯ ಕಡೆ ನೋಡಿ, ಸುಮ್ಮನೆ ನಿಂತಳು.

ಅಪ್ಪನ ಸಾಸೇಜ್ ಗೂಡಂಗಡಿಯಲ್ಲಿ ನಿಂತು ಬೆಳೆದವಳು ಅವಳು. ಈ ಹಳಬರ ಕಣ್ಣೆದುರು ಗುಂಡಿ ಬಾಯಿ ತೆರೆದು ಬಿದ್ದಿದ್ದರೆ ಅವರ ಕೈ ತಾನಾಗಿ ತುರಿಸುತ್ತದೆ ಎಂದು ಬಲ್ಲಳು. ಓಟ ಮುಗಿದು ಜನ ಮನೆಗೆ ಹೋಗುವಾಗಲೂ ಒಬ್ಬನಾದರೂ ಹಿಂದೆ ಉಳಿದು ಮುಚ್ಚಿಯೇ ಹೋಗುತ್ತಿದ್ದ. ಸೋಮವಾರ ಕೊಂದವನು ಮಾಡಿದ ತಪ್ಪು ಅದೇ. ಬೇರೆ ಊರಿನ ಕೊಲೆಗಾರ ಓಡಿ ಹೋಗುತ್ತಿದ್ದ. ಈ ಊರಿನವನು ನಿಂತು ಗುಂಡಿ ಮುಚ್ಚಿದ್ದಾನೆ.

ಪ್ರೆಬೆನ್ ಗುಂಡಿ ನೋಡಿದ. ಅವಳ ಬೂಟು ನೋಡಿದ.

"ಟ್ರ್ಯಾಕ್ ಹಾಳು ಮಾಡೋಕೆ ಸರ್ಕಾರ ನಿಂಗೆ ಸಂಬಳ ಕೊಡತ್ತಾ?" ಎಂದು ಹೇಳಿ, ತಿರುಗಿ ಕ್ಲಬ್ಬಿನತ್ತ ಹೊರಟೇಹೋದ. ಎವಾಲ್ಡ್ ಟ್ರಾಕ್ಟರ್ ಶುರು ಮಾಡಿಕೊಂಡು ಮೊದಲನೇ ತಿರುವಿನ ಕಡೆ ಹೋದ. ಇಬ್ಬರೂ ತಿರುಗಿ ನೋಡಲಿಲ್ಲ.

ನಾಟಕ, ಎಂದುಕೊಂಡಳು ಬೋದಿಲ್. ನಾನಿಲ್ಲದಾಗ ಬರ್ತಾನೆ.

ಅವಳು ಗೇಟಿನ ಬಳಿಯ ಹಳೆಯ ಸಾಸೇಜ್ ಗೂಡಿನೊಳಗೆ ಹೋಗಿ ನಿಂತಳು. ಈಗ ಅದು ಧ್ವಜದ ಕೋಲು, ಹರಿದ ಬ್ಯಾನರು ತುರುಕುವ ಜಾಗ. ಕಿಟಕಿಯ ಸಂದಿಯಿಂದ ಮೂರನೇ ತಿರುವು ಚೆನ್ನಾಗಿ ಕಾಣುತ್ತಿತ್ತು. ಮೇ ತಿಂಗಳ ಬಿಸಿಲು ಇನ್ನೂ ಎತ್ತರದಲ್ಲಿತ್ತು, ಆದರೆ ಮೇಲಧಿಕಾರಿಯ ಸಂಜೆಯ ಗಡುವು ಹತ್ತಿರ ಬರುತ್ತಿತ್ತು. ಬಾರೋ ಅಧ್ಯಕ್ಷ, ಬಾ. ನಿನ್ನ ಕೈಗೆ ಕುಂಟೆ ಬರಲಿ, ನಿನ್ನ ಹಬ್ಬ ನಾನು ಮಾಡ್ತೀನಿ.

ಗೇಟು ಕಿರ್ರೆಂದಿತು.

ಬಂದವಳು ಥಿರಾ. ಬೋದಿಲ್ ಹಣೆ ಚಚ್ಚಿಕೊಂಡಳು. ಐದು ಗಂಟೆಗೆ ಟ್ರ್ಯಾಕಿಗೆ ಬಾ ಎಂದು ತಾನೇ ಹೇಳಿ ಮರೆತಿದ್ದಳು. ಓರ್ಲಾನ ಒಬ್ಬಳೇ ಮಗಳು ಅವಳು, ಆರ್ಹುಸ್ ನಗರದಲ್ಲಿ ಹಲ್ಲಿನ ಡಾಕ್ಟರ ಬಳಿ ಕೆಲಸ. ಸೋಮವಾರ ಬೆಳಿಗ್ಗೆ ಅಲ್ಲೇ ಇದ್ದೆ, ಈ ಟ್ರ್ಯಾಕಿಗೆ ಕಾಲಿಟ್ಟು ಇಪ್ಪತ್ತು ವರ್ಷವಾಯಿತು ಎಂದು ಹೇಳಿಕೆ ಕೊಟ್ಟಿದ್ದಳು.

ಥಿರಾ ಸುತ್ತ ನೋಡಿದಳು. ಯಾರೂ ಕಾಣಲಿಲ್ಲ. ಬೇಲಿಯ ಗುಂಟ ನಿಧಾನವಾಗಿ ನಡೆದಳು. ಮೂರನೇ ತಿರುವಿನಲ್ಲಿ ಗುಂಡಿಯ ಮುಂದೆ ನಿಂತಳು. ಕೈಚೀಲವನ್ನು ಬೇಲಿಗೆ ನೇತುಹಾಕಿದಳು.

ಮತ್ತೆ ಕುಂಟೆಯನ್ನು ತೆಗೆದುಕೊಂಡಳು.

"ಬೇಡ," ಎಂದಳು ಬೋದಿಲ್, ಗೂಡಿನೊಳಗೆ, ತನಗೆ ಮಾತ್ರ ಕೇಳುವಂತೆ. "ಬೇಡ ಕಣೇ ತಾಯಿ."

ಥಿರಾ ಹೊರಗಿನಿಂದ ಒಳಕ್ಕೆ ಮಣ್ಣೆಳೆದಳು. ಯೋಚನೆಯಿಲ್ಲದ ಕೈ, ತಟ್ಟೆ ತೊಳೆಯುವವರ ಕೈಯಂತೆ. ಗುಂಡಿ ತುಂಬಿತು. ಆಗ ಅವಳು ಕುಂಟೆಯನ್ನು ಮಗುಚಿ, ಅದರ ಬೆನ್ನಿನಿಂದ ಮಣ್ಣನ್ನು ಒತ್ತಿದಳು. ಅಡ್ಡಡ್ಡ ಗೆರೆ. ಫೋಟೋದಲ್ಲಿದ್ದ ಗೆರೆಗಳೇ.

ಬೋದಿಲ್ ಗೂಡಿನಿಂದ ಓಡಿಯೇ ಬಂದಳು. ಎದುರು ನಿಂತಾಗ ಬಾಯಿಂದ ಬಂದದ್ದು ಒಂದೇ ಮಾತು.

"ನೀನಾ?"

ಥಿರಾ ಕುಂಟೆಯನ್ನು ನೋಡಿಕೊಂಡಳು, ಬೇರೆ ಯಾರೋ ಅದನ್ನು ತನ್ನ ಕೈಗೆ ಕೊಟ್ಟಿದ್ದಾರೆ ಎನ್ನುವಂತೆ.

"ಭೇಷ್!" ಎಂದು ಹಿಂದಿನಿಂದ ದನಿ ಬಂತು. ಪ್ರೆಬೆನ್. ಭಾಷಣದ ಹಾಳೆ ಕಂಕುಳಲ್ಲಿಟ್ಟುಕೊಂಡು ಬೇಲಿಯ ಬಳಿ ನಿಂತಿದ್ದ. "ಕುಂಟೆ ಹಿಡಿದೋರೇ ಬೀಳಿಸಿದೋರು. ಹೌದಲ್ವಾ ಇನ್ಸ್‌ಪೆಕ್ಟರ್ ಮೇಡಂ? ಈಗ ತಾನೇ ನಂಗೆ ಪಾಠ ಮಾಡಿದ್ರಿ. ಅಪ್ಪನ್ನ ಕೊಂದು, ಅಪ್ಪನಿಗೋಸ್ಕರ ಊರೆಲ್ಲ ಅತ್ತುಕೊಂಡು ತಿರುಗೋದು! ಓರ್ಲಾನ ರಕ್ತ ಅಲ್ವಾ, ಇನ್ನೇನು ಬರತ್ತೆ."

"ನಾನು ಬೀಳಿಸ್ಲಿಲ್ಲ," ಎಂದಳು ಥಿರಾ. ಕಣ್ಣು ತಗ್ಗಲಿಲ್ಲ. "ಅಪ್ಪನೂ ಆವತ್ತು ಯಾರನ್ನೂ ಬೀಳಿಸಿರ್ಲಿಲ್ಲ. ಆ ಹುಡುಗ ಅಲ್ಲಿ ಬಿದ್ದಿದ್ದ, ಮುಚ್ಚಬೇಕಾದೋನು ಮುಂದೆ ಬರ್ಲಿಲ್ಲ. ಗುಂಡಿ ಹಾಗೇ ಬಿಡೋದು ಹೇಗೆ ಅಂತ ಅಪ್ಪ ಹೋಗಿ ಮುಚ್ಚಿದ್ರು. ಅಷ್ಟಕ್ಕೇ ನೀವೆಲ್ಲ ಸೇರ್ಕೊಂಡು ಅವರ ಜೀವನಾನೇ ಮುಚ್ಚಿಬಿಟ್ರಿ!"

"ಸೋಮವಾರದ್ದು ಹೇಳು," ಎಂದಳು ಬೋದಿಲ್.

"ಅಪ್ಪ ಬೆಳಗಿನ ಜಾವ ಫೋನ್ ಮಾಡಿದ್ರು. ಶನಿವಾರ ಎಲ್ಲ ಹೇಳಿಬಿಡ್ತೀನಿ, ಅದಕ್ಕೆ ಮುಂಚೆ ಅವನನ್ನ ಇಲ್ಲಿಗೇ ಕರೆದಿದೀನಿ, ನೀನೂ ಬಾ ಅಂದ್ರು. ಯಾರನ್ನ ಅಂತ ಹೇಳ್ಲಿಲ್ಲ. ನಾನು ಬರೋ ಹೊತ್ತಿಗೆ ಬಿದ್ದಿದ್ರು. ಉಸಿರಿರ್ಲಿಲ್ಲ. ನಂಗೆ ಏನೂ ತೋಚ್ಲಿಲ್ಲ ಬೋದಿಲ್. ಕುಂಟೆ ಪಕ್ಕದಲ್ಲೇ ಇತ್ತು. ಚಿಕ್ಕೋಳಿದ್ದಾಗ ಅಪ್ಪನೇ ಕಲಿಸಿದ್ದು, ಬಿದ್ದೋರ ಗುಂಡಿ ತೆರೆದು ಬಿಡಬಾರದು ಅಂತ. ಮುಚ್ಚಿ ಮುಗಿಸಿದ ಮೇಲೆ ನಾನು ಏನು ಮಾಡ್ದೆ ಅಂತ ಗೊತ್ತಾಯ್ತು."

"ಏನು ಮಾಡ್ದೆ?"

"ಗುಂಡಿ ಒಂದಲ್ಲ. ಎರಡಿತ್ತು."

ಮೊದಲನೇ ತಿರುವಿನಲ್ಲಿ ಟ್ರಾಕ್ಟರ್ ಗುರುಗುಟ್ಟುತ್ತಿತ್ತು.

"ಇಬ್ಬರು ಬಿದ್ದಿದ್ರು," ಎಂದಳು ಥಿರಾ. "ಇನ್ನೊಬ್ಬ ಎದ್ದು ಬೈಕ್ ಎಳ್ಕೊಂಡು ಹೋಗಿದಾನೆ. ಅವನ ಗುಂಡಿನೂ ನಾನೇ ಮುಚ್ಚಿಬಿಟ್ಟೆ. ನನ್ನ ಕೈಯಾರೆ. ಇದನ್ನ ಹೇಳಿದ್ರೆ ಯಾರು ನಂಬ್ತಾರೆ? ಅದಕ್ಕೇ ಬಾಯಿ ಮುಚ್ಕೊಂಡು ಹೋದೆ. ಅಪ್ಪ ಕುಡಿದಿರ್ಲಿಲ್ಲ ಅನ್ನೋದಾದ್ರೂ ಗೊತ್ತಾಗ್ಲಿ, ಕೊಯ್ದು ನೋಡಿ ಅಂತ ನಿಮ್ಮ ಕಾಲು ಹಿಡಿದೆ."

"ಎರಡನೇ ಗುಂಡಿ ಎಲ್ಲಿ ಮಗಳೇ? ತೋರ್ಸು," ಎಂದ ಪ್ರೆಬೆನ್. "ಇಲ್ಲ ಅಲ್ವಾ? ಕಥೆ ಕಟ್ಟೋದ್ರಲ್ಲೂ ಅಪ್ಪನ ಹಾಗೇ."

ಬೋದಿಲಳ ತಲೆಯಲ್ಲಿ ಮಾತ್ರ ಬೇರೆಯೇ ಲೆಕ್ಕ ಓಡುತ್ತಿತ್ತು. ಈ ವಯಸ್ಸಿನಲ್ಲಿ ಬೈಕಿನಿಂದ ಬಿದ್ದವನು ಮೈ ಮುರಿಯದೆ ಏಳುವುದಿಲ್ಲ. ಎಡಕ್ಕೆ ಸುತ್ತುವ ಓಟದಲ್ಲಿ ಬಿದ್ದವರೆಲ್ಲ ಹೊರಬದಿಗೆ, ಬಲಗೈ ಬಲಭುಜದ ಮೇಲೆ ಬೀಳುತ್ತಾರೆ. ಕುರ್ಚಿಯಿಂದ ಏಳದ ಪ್ರೆಬೆನ್. ಕಾಫಿ ಬಗ್ಗಿಸದ ಪ್ರೆಬೆನ್. ಚಾಚಿದ ಕೈ ಕುಲುಕದ ಪ್ರೆಬೆನ್. ಅದನ್ನು ಅವಳು ಅವಮಾನ ಎಂದುಕೊಂಡಿದ್ದಳಲ್ಲ!

ಅವಳು ನೇರ ಅವನ ಬಳಿಗೆ ಹೋಗಿ ಬಲಗೈ ಚಾಚಿದಳು.

"ನೀವೇ ಗೆದ್ರಿ ಅಧ್ಯಕ್ಷರೇ. ಒಪ್ಕೊಂಡೆ. ಕೈ ಕೊಡಿ."

ಪ್ರೆಬೆನ್ ಅವಳ ಕೈಯನ್ನು ನೋಡಿದ. ಹಾಳೆಗಳನ್ನು ಎಡಕಂಕುಳಿಗೆ ಬದಲಾಯಿಸಿದ. ಬಲಗೈ ಚಾಚಿ, ಅವಳ ಬೆರಳುಗಳನ್ನು ಹಿಂಡಿ, ಮೇಲೆ ಕೆಳಗೆ ಚೆನ್ನಾಗಿ ಕುಲುಕಿದ. ಅವಳ ಕೈಗೇ ನೋವಾಯಿತು.

"ಕೇಳಿದ್ರೆ ಕೊಡ್ತೀನಪ್ಪ," ಎಂದು ಹಲ್ಲು ಕಿರಿದ. ಹಾಗಾದರೆ ಆಗ ಕುಲುಕದೆ ಬಿಟ್ಟದ್ದು ಬರೀ ಕೊಬ್ಬು. ಬೇರೇನೂ ಅಲ್ಲ.

ಬೋದಿಲ್ ಕೈಯನ್ನು ಎಳೆದುಕೊಂಡಳು. 1981ರಲ್ಲಿ ನಾಲ್ಕು ಜನರ ಓಟ. ಒಬ್ಬ ಸತ್ತ. ಒಬ್ಬ ಕುಂಟೆ ಹಿಡಿದ. ಒಬ್ಬ ಕಪ್ ಎತ್ತಿದ. ಗೋಡೆಯ ಆ ಚಿತ್ರದಲ್ಲಿ ಕಾಣದ ಒಬ್ಬನಿದ್ದ. ಈ ಅಧ್ಯಕ್ಷನನ್ನು ತಿರಸ್ಕರಿಸುವ ಗದ್ದಲದಲ್ಲಿ ಅವಳು ಆ ಇನ್ನೊಬ್ಬನನ್ನು ಮನುಷ್ಯನೆಂದೇ ಎಣಿಸಿರಲಿಲ್ಲ. ಸರಪಳಿ ಎತ್ತಲು ಕೆಳಗಿಳಿಯದವನು. ಎಡಗೈಯಲ್ಲಿ ಟೋಪಿ ಸರಿಮಾಡಿಕೊಂಡವನು.

ಅವಳು ಗಕ್ಕನೆ ತಿರುಗಿದಳು.

ಟ್ರಾಕ್ಟರ್ ಸುತ್ತು ಮುಗಿಸಿ ಮೂರನೇ ತಿರುವಿನ ಬಾಯಿಗೆ ಬಂದು ನಿಂತಿತ್ತು. ಎವಾಲ್ಡ್ ಮೂವರನ್ನೂ ನೋಡುತ್ತಿದ್ದ. ಆಮೇಲೆ ಥಿರಾಳ ಕೈಯಲ್ಲಿದ್ದ ಕುಂಟೆಯನ್ನು ನೋಡಿದ.

"ಎವಾಲ್ಡ್," ಎಂದು ಕೂಗಿದಳು ಬೋದಿಲ್. "ಎಂಜಿನ್ ಆರಿಸಿ ಕೆಳಗಿಳಿದು ಬಾ. ಒಂದ್ಸಲ ಕೈ ಕುಲುಕೋಣ."

ಎವಾಲ್ಡನ ಬಲಗೈ ಕೋಟಿನ ಜೇಬಿನಿಂದ ಹೊರಬರಲಿಲ್ಲ. ಅವನು ಎಡಗೈಯನ್ನು ಮೈಗೆ ಅಡ್ಡವಾಗಿ ಚಾಚಿ, ಬಲಬದಿಯ ಗೇರನ್ನು ಮುಂದಕ್ಕೆ ತಳ್ಳಿದ.

ಥಿರಾ ಇನ್ನೂ ತಿರುವಿನ ನಡುವೆ, ಟ್ರಾಕ್ಟರಿಗೆ ಎದುರಾಗಿಯೇ ನಿಂತಿದ್ದಳು.